ಹಾರ್ನ್ ಇಲ್ಲದ ಹಳದಿ ಕಾರು

ರಾಚೆಸ್ಟರ್ ಹಿಲ್ಸ್
ಸೆಪ್ಟೆಂಬರ್ 24, 2025, ಬುಧವಾರ

ರೀ,

ಹೀಗೆ ಕರೆದು ಐದು ವರ್ಷ ಆಯಿತು. ಬೇರೆ ಏನಂತ ಶುರು ಮಾಡಲಿ ಹೇಳಿ? ‘ಪ್ರೀತಿಯ’ ಅಂತ ಬರೆದರೆ ನಿಮಗೆ ನಗು ಬರುತ್ತೆ. ‘ಶ್ರೀ ಈರೇಶ್ ಅವರಿಗೆ’ ಅಂದರೆ ಲಾಯರ್ ನೋಟಿಸ್ ಅಂದುಕೊಂಡು ಒಡೆಯದೇ ಎತ್ತಿಡ್ತೀರಿ. ನನ್ನ ಫೋನ್ ನೀವು ಎತ್ತಲ್ಲ, ಮೆಸೇಜ್ ನೋಡಲ್ಲ. ಕೈಬರಹ ಗುರುತು ಹಿಡಿದಾದರೂ ಓದ್ತೀರೇನೋ ಅಂತ ಕಾಗದ ಹಿಡಿದು ಕೂತಿದ್ದೀನಿ. ಪೂರ್ತಿ ಓದಿ. ಮಧ್ಯದಲ್ಲಿ ಹರಿದು ಹಾಕಬೇಡಿ.

ನಿಮ್ಮ ಮೇಲಿನ ಮನೆಯ ಕಿಶೋರ್ ಹೋದ ಗುರುವಾರ ಫೋನ್ ಮಾಡಿದ್ದರು. ನೀವು ಇಟಾಸ್ಕಾದ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದಿದ್ದು, ಆಸ್ಪತ್ರೆಯಲ್ಲಿ ಮೂರು ಬ್ಲಾಕ್ ಇದೆ ಅಂತ ಗೊತ್ತಾಗಿದ್ದು, ಬೈಪಾಸ್ ಮಾಡಿಸದಿದ್ದರೆ ಈ ಚಳಿಗಾಲ ದಾಟೋದು ಕಷ್ಟ ಅಂತ ಡಾಕ್ಟರ್ ಅಂದಿದ್ದು, ನೀವು ಬೇಡ ಅಂತ ಸಹಿ ಹಾಕಿ ಗ್ಲೆಂಡೇಲ್ ಹೈಟ್ಸ್‌ನ ಮನೆಗೆ ವಾಪಸ್ ಬಂದಿದ್ದು, ಎಲ್ಲ ಹೇಳಿದರು. ಯಾಕೆ ಬೇಡ ಅಂದರಂತೆ ಅಂತ ಕೇಳಿದೆ. ಪಾಪ, ಹೇಳೋಕೆ ಹಿಂದೆಮುಂದೆ ನೋಡಿದರು. ಅವ್ವನ ಉಸುರು ನಿಲ್ಲಿಸಿದಾಂವಗ ಯಾಕ ಬೇಕೋ ರಿಪೇರಿ ಅಂದಿರಂತೆ.

ಅದಕ್ಕೇ ಈ ಕಾಗದ. ಅವ್ವನ ಉಸಿರು ನಿಲ್ಲಿಸಿದ್ದು ನೀವಲ್ಲ. ಅದು ನನಗೆ ಆರು ವರ್ಷದಿಂದ ಗೊತ್ತು. ಹೇಳ್ತೀನಿ, ಇವತ್ತು ಹೇಳಿಯೇ ಹೇಳ್ತೀನಿ. ಆದರೆ ಮೊದಲು ಸ್ವಲ್ಪ ಕಾರಿನ ಸಮಾಚಾರ ಬರೆದುಕೊಳ್ಳೋಕೆ ಬಿಡಿ.

ನಿಮ್ಮ ಕಾರು ಓಡ್ತಿದೆ ಕಣ್ರೀ. ಹೌದು, ಅದೇ ಹಳದಿ ಕಿಟ್ ಕಾರು.

ನಗಬೇಡಿ. ನಾನು ಅದನ್ನ ರಿಪೇರಿ ಮಾಡೋಕೆ ಹೊರಟವಳೇ ಅಲ್ಲ, ಮನೆಯಿಂದ ಆಚೆ ಹಾಕೋಕೆ ಹೊರಟವಳು. ಎರಡು ವರ್ಷದ ಹಿಂದೆ ಗುಜರಿಯವನನ್ನ ಕರೆಸಿದೆ. ಟಾರ್ಪಾಲ್ ಎತ್ತಿ ಕೊಕ್ಕೆ ಹಾಕಿ ಎಳೆದರೆ ನಾಲ್ಕು ಚಕ್ರಾನೂ ಕಚ್ಚಿಕೊಂಡು ಕೂತಿವೆ. ಬ್ರೇಕ್ ತುಕ್ಕು ಹಿಡಿದಿದೆ, ಬಿಡಿಸಿಟ್ಟು ಫೋನ್ ಮಾಡಮ್ಮ ಅಂತ ಹೇಳಿ ಹೋದ. ಸರಿ, ಬ್ರೇಕ್ ಬಿಡಿಸೋಣ ಅಂತ ನೀವು ಕಾರಿನ ಕೆಲಸ ಬರೆದಿಡ್ತಿದ್ದ ನೀಲಿ ನೋಟ್‌ಬುಕ್ ಹುಡುಕಿದೆ. ಒಂದು ಚಕ್ರ ಬಿಚ್ಚೋಕೆ ಎರಡು ಶನಿವಾರ ಹಿಡೀತು. ಅದು ತಿರುಗಿದಾಗ ಅಲ್ಲೇ ಗ್ಯಾರೇಜಿನ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಗುಜರಿಯವನಿಗೆ ಫೋನ್ ಮಾಡಲೇ ಇಲ್ಲ.

ಅದು ಮನೆಗೆ ಬಂದ ದಿನ ನಾನು ನಿಮ್ಮನ್ನ ಎಷ್ಟು ಆಡಿಕೊಂಡಿದ್ದೆ! ವಾಟರ್‌ಫರ್ಡ್‌ನ ಮುದುಕರೊಬ್ಬರು ನಲವತ್ತು ವರ್ಷದ ಹಿಂದೆ ಪೆಟ್ಟಿಗೆಗಟ್ಟಲೆ ಬಿಡಿಭಾಗ ತರಿಸಿ ಅರ್ಧಂಬರ್ಧ ಜೋಡಿಸಿ ಕೈಬಿಟ್ಟಿದ್ದು. ನೋಡೋಕೆ ಫೈಬರ್‌ಗ್ಲಾಸಿನ ಸ್ಪೋರ್ಟ್ಸ್ ಕಾರು, ಕೆಳಗೆ ಯಾವುದೋ ಹಳೇ ಬೀಟಲ್ ಕಾರಿನ ಚಾಸಿ, ಅದರದ್ದೇ ಎಂಜಿನ್. ಮೇಲೆ ಥಳುಕು ಒಳಗೆ ಹುಳುಕು ಅಂದಿದ್ದೆ. ಆ ಬೇಸಿಗೆಯಲ್ಲಿ ಆರು ತಿಂಗಳಿಗೆ ಅಂತ ಗದಗದಿಂದ ಬಂದ ಅವ್ವ ಅದನ್ನ ಒಂದು ಸುತ್ತು ಹಾಕಿ ನೋಡಿ, ಇದು ಕಾರಲ್ಲೋ ಈರ್ಯಾ, ಹಳದಿ ಕಪ್ಪಿ ಅಂದರು, ಕಪ್ಪೆ ಅಂತ. ಬಸ್ ಡಿಪೋ ಮೆಕ್ಯಾನಿಕ್ ನಿಂಗಪ್ಪ ಮಾವನವರ ಜೊತೆ ಮೂವತ್ತು ವರ್ಷ ಬಾಳಿದವರು. ಬಕೆಟ್ ಬೋರಲು ಹಾಕಿಕೊಂಡು ಕೂತು, ನೀವು ಹದಿಮೂರರ ಪಾನಾ ಕೇಳಿದರೆ ನೋಡದೇ ಹದಿಮೂರರದ್ದೇ ಕೊಡೋರು. ಟ್ಯಾಪೆಟ್ ಬಡಕೊಳಾಕತ್ತೈತಿ ಅಂತ ಬರೀ ಸದ್ದು ಕೇಳಿ ಹೇಳೋರು. ನಾನು ಟೀ ತಂದರೆ, ಈ ಮೈಸೂರಕಿಗೆ ಪಾನಾನೂ ಒಂದ, ಸೌಟೂ ಒಂದ ಅಂತ ನಗೋರು. ನನಗೆ ಹೊಟ್ಟೆಕಿಚ್ಚಾಗ್ತಿತ್ತು ರೀ. ನನ್ನ ಜೊತೆ ನೀವು ಅಷ್ಟು ಮಾತಾಡಿದ್ದೇ ಇಲ್ಲ.

ಈಗ ನನಗೂ ಹದಿಮೂರರ ಪಾನಾ ಗೊತ್ತು. ಪೆಟ್ರೋಲ್ ಟ್ಯಾಂಕು ತೊಳೆದೆ, ಕಾರ್ಬ್ಯುರೇಟರ್ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಜೋಡಿಸಿದೆ. ಮೊದಲ ಸಲ ಎರಡು ಸ್ಕ್ರೂ ಉಳಿದವು, ಎರಡನೇ ಸಲ ಒಂದು. ಫೈಬರ್‌ಗ್ಲಾಸ್ ಉಜ್ಜಿ ಮೈಯೆಲ್ಲ ತುರಿಕೆ. ಹೊಸ ವೈರಿಂಗ್ ಹಾಕಿದೆ. ಲೈಟು, ವೈಪರ್, ಇಂಡಿಕೇಟರ್ ಎಲ್ಲ ಸರಿಯಿದೆ. ಹಾರ್ನ್ ಮಾತ್ರ ಹಾಕಿಲ್ಲ. ಅದರ ವೈರ್ ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ದೀನಿ.

ಹೋದ ವರ್ಷ ಎಂಜಿನ್ ಇಳಿಸಿದಾಗ ಇನ್ನೊಂದು ಸಿಕ್ಕಿತು. ಹೊಗೆ ಕೊಳವೆಯ ಸುತ್ತ ಒಂದು ತಗಡಿನ ಪೆಟ್ಟಿಗೆ ಇದೆಯಲ್ಲ, ಒಳಗೆ ಕೂತವರಿಗೆ ಬಿಸಿ ಗಾಳಿ ಕಳಿಸೋದು, ಅದರೊಳಗೆ ಕೊಳವೆ ತುಕ್ಕು ತಿಂದು ಕಿರುಬೆರಳು ತೂರುವಷ್ಟು ತೂತು. ಅಂದರೆ ಹೊಗೆ ನೇರ ಸೀಟಿನ ಹತ್ತಿರಕ್ಕೇ ಬರ್ತಿತ್ತು. ಅಬ್ಬಾ, ಸಿಕ್ಕಿದನಲ್ಲ ಕಳ್ಳ ಅನ್ನಿಸಿತು. ಆ ಒಂದು ವಾರ ಹೊಟ್ಟೆ ತುಂಬ ಊಟ ಮಾಡಿದೆ. ತಪ್ಪು ನಿಮ್ಮದಲ್ಲ, ಯಾರದ್ದೂ ಅಲ್ಲ, ತೂತಿನದು ಅಂತ ನಿಮಗೆ ಕಾಗದ ಬರೆಯೋಕೂ ಕೂತಿದ್ದೆ. ಇವತ್ತೂ ಅಲ್ಲಿಗೇ ನಿಲ್ಲಿಸಿಬಿಡೋಣ ಅಂತ ಆಸೆ ಆಗ್ತಿದೆ. ಆದರೆ ಆವತ್ತು ಆ ಕಾರಿಗೆ ಮೇಲೆ ಹೊದಿಕೆಯೇ ಇರಲಿಲ್ಲ. ಗ್ಯಾರೇಜಿನ ಬಾಗಿಲು ತೆರೆದಿದ್ದರೆ ಆ ಗಾಳಿಗೆ ಎಂಥ ಹೊಗೆಯೂ ನಿಲ್ತಿರಲಿಲ್ಲ. ಇದು ನಿಮಗೂ ಗೊತ್ತು, ನೀವು ಎಂಜಿನಿಯರು.

ಹಾಗಾಗಿ ಬಾಗಿಲಿನ ವಿಷಯಕ್ಕೆ ಬರ್ತೀನಿ.

ಆ ವರ್ಷ ಆಯುಧಪೂಜೆಗೆ ರಜೆ ಇಲ್ಲ ಅಂತ ಹಿಂದಿನ ಭಾನುವಾರವೇ ಇಟ್ಟುಕೊಂಡೆವು. ಅಕ್ಟೋಬರ್ ಆರು. ಕಾರಿನ ಮೂತಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಕಪ್ಪಿ ಮೊದಲ ಸಲ ತಾನಾಗಿ ಹೊರಗೆ ಹೋಗಬೇಕು, ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಬೇಕು, ಅವ್ವ ಪಕ್ಕದಲ್ಲಿ ಕೂತಿರಬೇಕು ಅಂತ ನಿಮ್ಮ ಆಸೆ. ಬ್ಯಾಟರಿ ವೀಕ್ ಇತ್ತು. ಹತ್ತು ಸಲ ಒದ್ದಾಡಿ ಎಂಜಿನ್ ಚಾಲೂ ಆಯಿತು, ಇನ್ನು ಆಫ್ ಮಾಡಬೇಡಿ, ಮತ್ತೆ ಹತ್ತಲ್ಲ ಅಂದಿರಿ. ಅವ್ವ ಆಗಲೇ ಶಾಲು ಹೊದ್ದು ಸೀಟಲ್ಲಿ ಕೂತು ಪೀಂ ಪೀಂ ಅಂತ ಹಾರ್ನ್ ಒತ್ತೋದು, ನಗೋದು. ಬೆಳಗ್ಗೆಯಿಂದ ಎಷ್ಟು ಸಲ ಒತ್ತಿದ್ದರೋ. ನಿಂಬೆಹಣ್ಣು ಫ್ರಿಜ್ಜಿನಲ್ಲೇ ಉಳಿದಿದೆ ಅಂತ ನೀವು ಒಳಗೆ ಹೋದಿರಿ. ಅಷ್ಟರಲ್ಲಿ ಊರಿಂದ ನಿಮ್ಮಕ್ಕನ ವಿಡಿಯೊ ಕಾಲ್. ಮಗಳು ಮೇಧಾಗೆ ತೋರಿಸೋಕೆ ಅಂತ ಫೋನ್ ಹಿಡಿದು ಮಹಡಿ ಹತ್ತಿದಿರಿ.

ಗ್ಯಾರೇಜಿನಲ್ಲಿ ಉಳಿದಿದ್ದು ನಾನು, ಅವ್ವ. ಕಾರಿನ ಮೂತಿಯ ಮುಂದೆ ದೀಪಕ್ಕೆ ಬಗ್ಗಿ ಕೂತಿದ್ದ ನನ್ನನ್ನ ನೀವು ಹೋಗುವಾಗ ಗಮನಿಸಿರಲಿಲ್ಲ. ಗಾಳಿಗೆ ದೀಪ ಆರಿತು. ಹಚ್ಚಿದೆ. ಮತ್ತೆ ಆರಿತು. ಇರಲಿ ಬಿಡವಾ, ದೇವ್ರೇನ್ ಸಿಟ್ಟಾಗೂದಿಲ್ಲ ಅಂದರು ಅವ್ವ. ನನಗೆ ಸಮಾಧಾನ ಇಲ್ಲ. ಪೂಜೆ ಮುಗಿಯೋ ಮುಂಚೆ ದೀಪ ಆರಿದರೆ ಮನೆಗೆ ಕೇಡು ಅಂತ ನಮ್ಮಮ್ಮ ಚಿಕ್ಕಂದಿನಿಂದ ತಲೆಗೆ ತುಂಬಿದ್ದಾಳೆ. ಮೂರನೇ ಸಲ ಹಚ್ಚಿ, ಅಡುಗೆಮನೆಯಲ್ಲಿ ಹೋಳಿಗೆ ತವೆ ಕಾದಿರುತ್ತೆ ಅಂತ ಎದ್ದೆ. ಒಳಗೆ ಹೋಗೋ ಬಾಗಿಲ ಪಕ್ಕ ಗ್ಯಾರೇಜಿನ ಸ್ವಿಚ್. ಅದರ ಮೇಲೆ ನೀವು ಅವ್ವನಿಗೆ ಅಂತ ಕನ್ನಡದಲ್ಲಿ ಬರೆದು ಅಂಟಿಸಿದ್ದ ಚೀಟಿ: ಇಂಜಿನ್ ಚಾಲೂ ಇದ್ದಾಗ ಬಾಗಿಲಾ ಹಾಕಬ್ಯಾಡ್ರಿ. ಅದನ್ನ ಓದಿಕೊಂಡೇ ಒತ್ತಿದೆ. ಎರಡೇ ನಿಮಿಷ, ನೀವು ನಿಂಬೆಹಣ್ಣು ತಂದು ತೆಗೀತೀರಲ್ಲ ಅಂದುಕೊಂಡೆ. ಬಾಗಿಲು ಇಳಿದದ್ದನ್ನ, ದೀಪ ನೆಟ್ಟಗೆ ನಿಂತಿದ್ದನ್ನ ನೋಡಿ ಒಳಗೆ ಹೋದೆ.

ಇಪ್ಪತ್ತೈದು ನಿಮಿಷ ಆಗಿತ್ತು ನೀವು ಕೆಳಗೆ ಬಂದಾಗ. ಅವ್ವನ ತಲೆ ಹಾರದ ಕಡೆಗೆ ವಾಲಿತ್ತು.

ಮೂರನೇ ದಿನ ಆಸ್ಪತ್ರೆಯಲ್ಲಿ ಅವರು ಕಣ್ಣು ಬಿಡದೇ ಹೋದರು. ಪೊಲೀಸರು ಬಂದು ಬಾಗಿಲು ಮುಚ್ಚಿದ್ದು ಯಾರು ಅಂತ ಕೇಳಿದ್ದು ಮಾತ್ರ ಮೊದಲ ದಿನವೇ, ನಮ್ಮ ಅಡುಗೆಮನೆಯಲ್ಲಿ. ನಾನು ಇವರಿಗಿಂತ ಮುಂಚೆಯೇ ಒಳಗೆ ಬಂದುಬಿಟ್ಟಿದ್ದೆ ಅಂದೆ. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ರೀ, ಬಾಯಿಂದ ಬಂದುಬಿಟ್ಟಿತು. ನೀವು ನನ್ನ ಮುಖ ನೋಡಿದಿರಿ. ಅನುಮಾನದಿಂದಲ್ಲ, ನಂಬಿ ನೋಡಿದಿರಿ. ಹಾಗಾದರೆ ನನ್ನ ಕೈಯೇ ಒತ್ತಿರಬೇಕು, ಚಳಿಗಾಲ ಬಂದರೆ ಒಳಗೆ ಬರುವಾಗ ಅಭ್ಯಾಸಬಲದಿಂದ ಒತ್ತಿಬಿಡ್ತೀನಿ ಅಂದಿರಿ. ಅಪಘಾತ ಅಂತ ಬರೆದುಕೊಂಡು ಹೋದರು. ಮೆಟ್ಟಿಲ ಮೇಲೆ ನಿಂತಿದ್ದ ಮೇಧಾಗೆ ಹದಿನಾಲ್ಕು ವರ್ಷ. ಅಜ್ಜಿಗೆ ಹೀಗೆ ಮಾಡಿದ್ದು ನೀನೇ ಅಂತ ನಿಮ್ಮನ್ನ ನೋಡಿ ಇಂಗ್ಲಿಷಿನಲ್ಲಿ ಕಿರುಚಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವಳು ನಿಮ್ಮ ಜೊತೆ ಒಂದು ಟೇಬಲ್ಲಿನಲ್ಲಿ ಊಟಕ್ಕೆ ಕೂರದೇ ಇದ್ದಾಗಲೂ, ನೀವು ಸೂಟ್‌ಕೇಸ್ ಹಿಡಿದು ಶಿಕಾಗೊ ಕಡೆ ಹೊರಟಾಗಲೂ ಬಿಡಲಿಲ್ಲ. ಮಗಳು ಒಬ್ಬರನ್ನ ದ್ವೇಷ ಮಾಡಲೇಬೇಕು ಅಂತಿದ್ದರೆ ಅದು ನಾನಾಗದಿರಲಿ ಅನ್ನಿಸಿತು. ಎಂಥ ಹೇಡಿ ನಾನು. ಅವ್ವನ ಪುಣ್ಯಸ್ಮರಣೆಗೆ ಮಗ ಆದವರು ನೀವು ಒಂದು ವರ್ಷವೂ ಕೈ ಮುಗಿಯಲಿಲ್ಲವಂತೆ, ಯೋಗ್ಯತೆ ಇಲ್ಲ ಅಂದಿರಂತೆ. ಇಲ್ಲಿ ನಾನು ವರ್ಷಾ ವರ್ಷಾ ಅವರ ಫೋಟೊಕ್ಕೆ ಹೂವು ಹಾಕಿ, ಎಡೆ ಇಟ್ಟು, ಬಂದವರಿಂದ ಒಳ್ಳೆ ಸೊಸೆ ಅನ್ನಿಸಿಕೊಂಡೆ.

ಹೋದ ಭಾನುವಾರ ಮೇಧಾ ಯೂನಿವರ್ಸಿಟಿಯಿಂದ ಬಂದಿದ್ದಳು. ಗ್ಯಾರೇಜಿನಲ್ಲಿ, ಆ ಸ್ವಿಚ್ಚಿನ ಮುಂದೆ ನಿಲ್ಲಿಸಿಕೊಂಡು ಹೇಳಿದೆ. ಚೀಟಿ ಇನ್ನೂ ಹಾಗೇ ಇದೆ, ನಾನು ಕಿತ್ತಿಲ್ಲ. ಅವಳಿಗೆ ಕನ್ನಡ ಓದೋಕೆ ಬರಲ್ಲವಲ್ಲ, ಓದಿ ಹೇಳಿದೆ. ಅಳಲಿಲ್ಲ, ಬಯ್ಯಲಿಲ್ಲ. ಆರು ವರ್ಷ ಅಂತ ಒಂದೇ ಮಾತು ಅಂದು ಬ್ಯಾಗ್ ಎತ್ತಿಕೊಂಡು ಹೊರಟುಹೋದಳು. ನಿನ್ನೆ ನಿಮ್ಮ ಅಡ್ರೆಸ್ ಕೇಳಿ ಮೆಸೇಜ್ ಮಾಡಿದ್ದಾಳೆ. ಶನಿವಾರ ಅಲ್ಲಿಗೆ ಬರ್ತಾಳೆ. ನನಗೆ ಬಾ ಅನ್ನಲಿಲ್ಲ, ಅದು ಸರಿಯೇ.

ಅವಳು ಬಂದಾಗ ಬಾಗಿಲು ತೆಗೀರಿ. ಊಟ ಮಾಡಿದೆಯಾ ಅಂತ ಕೇಳಿ. ಮುನ್ನೂರು ಮೈಲಿ ಒಬ್ಬಳೇ ಡ್ರೈವ್ ಮಾಡಿಕೊಂಡು ಬರೋ ಮಗಳು, ದಾರಿಯಲ್ಲಿ ಏನೂ ತಿನ್ನಲ್ಲ. ಆಮೇಲೆ ಅವಳನ್ನ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ನಿಮ್ಮ ಎದೆ ಮೇಲೆ ನೀವೇ ಎಳೆದುಕೊಂಡಿದ್ದ ಕಲ್ಲು ನಂದು, ಇಳಿಸಿ ಇಲ್ಲಿಗೆ ಕಳಿಸಿ. ನನ್ನನ್ನ ಕ್ಷಮಿಸಿ ಅಂತ ಕೇಳ್ತಿಲ್ಲ, ಕೇಳೋ ಮುಖ ಇಲ್ಲ.

ಬರೋ ಬುಧವಾರ ಆಯುಧಪೂಜೆ. ಕಾರನ್ನ ಡ್ರೈವ್‌ವೇನಲ್ಲಿ, ಬಯಲಲ್ಲೇ ನಿಲ್ಲಿಸಿ ಹೂವು ಹಾಕ್ತೀನಿ. ದೀಪ ಆರಿದರೆ ಆರಲಿ.

ಇಂತಿ,
ಅವ್ವನ ಮೈಸೂರಕಿ,
ಶಾಂಭವಿ

ತಾ.ಕ.: ಕವರ್‌ಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೀನಿ. ಹಾರ್ನ್ ಯಾಕೆ ಹಾಕಿಲ್ಲ ಅಂತ ಮೇಧಾನೂ ಕೇಳಿದ್ದಳು, ಪಾರ್ಟ್ ಸಿಗಲಿಲ್ಲ ಅಂದೆ. ಸಿಕ್ಕಿದೆ, ಕಪಾಟಿನಲ್ಲಿದೆ. ಆವತ್ತು ತವೆ ಮೇಲೆ ಎರಡನೇ ಹೋಳಿಗೆ ಹಾಕುವಾಗ ಹಾರ್ನ್ ಕೇಳಿಸಿತು ರೀ. ಒಂದು ಸಲ ಉದ್ದಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಸಣ್ಣಗೆ. ಈ ಮುದುಕಿಗೆ ಆಟ ಮುಗಿಯಲಿಲ್ಲ ಅಂತ ನಕ್ಕು ಹೋಳಿಗೆ ತಿರುವಿ ಹಾಕಿದೆ. ಇದನ್ನ ಪೊಲೀಸರಿಗೆ ಹೇಳಿಲ್ಲ, ಮೇಧಾಗೂ ಹೇಳಿಲ್ಲ, ನಿಮಗೆ ಮಾತ್ರ. ಆಪರೇಷನ್‌ಗೆ ಹೂಂ ಅನ್ನಿ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಕಾದರೂ ನೀವು ಇರಬೇಕು.