ಹನ್ನೊಂದನೇ ಮೆಟ್ಟಿಲಿನ ಲಾಟೀನು

ಅಡುಗೆಮನೆಯ ಮೇಜು, ನಮ್ಮ ಮನೆ
ಭಾನುವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ, ನಮ್ಮ ಮನೆಯ ಕೋಣನೇ,

ಹೇಗಿದ್ದೀಯ? ಭುಜದ ನೋವು ಹೇಗಿದೆ? ಅಲ್ಲಿ ಯಾರ ಜೊತೆಗೋ ಕೈ ಮಿಲಾಯಿಸಿ ತುಟಿ ಒಡೆಸಿಕೊಂಡಿದ್ದೆಯಲ್ಲ, ಹೊಲಿಗೆ ಬಿಚ್ಚಿದರೇ? ಅನ್ನ ಸೇರುತ್ತಿದೆಯೇ? ಅಮ್ಮ ಚೆನ್ನಾಗಿದ್ದಾಳೆ. ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ, ನಿನ್ನ ಹಾಗೆ. ನೀನು ಬರಲು ಹನ್ನೆರಡು ದಿನ ಇದೆ ಎಂದು ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಾಳೆ. ಆ ಏಟಿನ ಸದ್ದು ಕೇಳಿದಾಗಲೆಲ್ಲ ನನಗೆ ಬೇರೆ ಏನೋ ನೆನಪಾಗಿ ಕಿವಿಗೆ ಸೆರಗು ಒತ್ತಿಕೊಳ್ಳುತ್ತೇನೆ, ಆದರೂ ಬೇಡಮ್ಮಾ ಎನ್ನಲು ಬಾಯಿ ಬರುವುದಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಜೈಲಿನಲ್ಲಿ ಒಡೆದು ಓದುತ್ತಾರೆ. ಸೋಮವಾರ ನಿಮಗೆಲ್ಲ ಗಡ್ಡ ಕೆರೆಯಲು ಬರುವ ಕ್ಷೌರಿಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಮುಗಿಸುವವರೆಗೆ ಅವನ ಮೇಲೆ ರೇಗಬೇಡ, ಅವನ ಕೈಯಲ್ಲಿ ಕತ್ತಿ ಇರುತ್ತದೆ.

ಹೋದ ವಾರ, ನಿನ್ನ ಕೋಣೆಯಲ್ಲಿದ್ದು ಬಿಡುಗಡೆಯಾದ ಬಡಗಿ ಮನೆಗೆ ಬಂದಿದ್ದ. ನೀರು ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು ನೀನು ಹೇಳಿ ಕಳಿಸಿದ್ದನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ: "ಬೀಗದೋನಿಗೆ ಹೇಳ್ಬಿಡಿ, ಒಂದು ಕಣ್ಣು ತಗೊಂಡಾಯ್ತು, ಇನ್ನೊಂದು ಹಾಗೇ ಇದೆ, ಆಚೆ ಬಂದ ದಿನವೇ ಬರ್ತೀನಿ." ನಾನು ಕೈಯಲ್ಲಿದ್ದ ಚೊಂಬನ್ನು ಗೋಡೆಗೆ ಎಸೆದೆ. ಅದು ಬಡಗಿಯ ಕಿವಿ ಸವರಿಕೊಂಡು ಹೋಯಿತು, ಪಾಪ, ಅವನ ತಪ್ಪೇನಿದೆ. ಮೂರು ವರ್ಷ ಕಲ್ಲಿನ ಗೋಡೆಯ ಮಧ್ಯೆ ಕೂತು ನೀನು ಕಲಿತದ್ದು ಇಷ್ಟೇಯೇನೋ? ಈ ಸಲ ಬೀಗದ ಮಾಮನ ಮೇಲೆ ಕೈ ಎತ್ತಿದರೆ ಅವರು ಉಳಿಯುವುದಿಲ್ಲ, ನೀನೂ ಉಳಿಯುವುದಿಲ್ಲ, ಅಮ್ಮನ ಹಾಸಿಗೆ ಬಡಿಯುವ ಕೋಲು ಅವಳ ಊರುಗೋಲಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ತಾಳ್ಮೆ ಇಟ್ಟು ಓದು.

ನಿನಗೆ ಒಂದು ವಿಷಯ ಗೊತ್ತಿಲ್ಲ. ನೀನು ಬೀಗದ ಮಾಮನನ್ನು ಹೊಡೆದ ದಿನ ನಾನು ಅಲ್ಲೇ ಇದ್ದೆ. ಅಪ್ಪನನ್ನು ಮಣ್ಣು ಮಾಡಿ ಮೂರನೇ ದಿನ ಅದು. ಆಲೂಗಡ್ಡೆ ದಾಸ್ತಾನಿನ ನೆಲಮಾಳಿಗೆಯ ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಪಟ್ಟಿಯನ್ನು ನೀನು ಎರಡೂ ಕೈಯಲ್ಲಿ ಹಿಡಿದಿದ್ದೆ. ಮೊದಲ ಏಟು ದವಡೆಗೆ. ಒಣಗಿದ ಸೌದೆ ಸೀಳಿದ ಸದ್ದು ಬಂತು. ಮಾಮ ಮುಖ ಮುಚ್ಚಿಕೊಳ್ಳಲು ಬಲಗೈ ಎತ್ತಿದರು, ಎರಡನೆಯದು ಆ ಕೈಗೆ ಬಿತ್ತು, ಬೆರಳುಗಳು ಹಿಂದಕ್ಕೆ ಮಡಚಿಕೊಂಡವು. ಬಿದ್ದವರ ಎದೆಯ ಮೇಲೆ ಮಂಡಿ ಊರಿ ಕೂತು ನೀನು ಹೊಡೆದೆ. ಪ್ರತಿ ಏಟಿಗೂ ಒಂದೇ ಪ್ರಶ್ನೆ, "ಟಾರ್ಚ್ ಯಾರ್ದು ಹೇಳು, ಟಾರ್ಚ್ ಯಾರ್ದು?" ಅವರ ಬಾಯಿಂದ ರಕ್ತ ಬಂತು, ಹಲ್ಲು ಬಂತು, ಮಾತು ಬರಲಿಲ್ಲ. ಆ ಮೌನವನ್ನು ನೀನು ತಪ್ಪೊಪ್ಪಿಗೆ ಎಂದುಕೊಂಡೆ. ಕೊನೆಯ ಏಟು ಎಡಗಣ್ಣಿಗೆ. ನಾಲ್ವರು ಹಮಾಲರು ಬಂದು ನಿನ್ನ ಕುತ್ತಿಗೆಗೆ ಗೋಣಿ ಹಾಕಿ ಎಳೆಯುವ ಹೊತ್ತಿಗೆ ಪಟ್ಟಿಯ ತುದಿಗೆ ಏನೋ ಅಂಟಿಕೊಂಡಿತ್ತು, ಅದನ್ನು ಬರೆಯಲಾರೆ.

ನಿನ್ನ ಅನುಮಾನಕ್ಕೆ ಕಾರಣವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಇಪ್ಪತ್ತಾರು ವರ್ಷ ಒಟ್ಟಿಗೆ ದುಡಿದವರು, ಅಪ್ಪ ಗಡ್ಡೆ ಆರಿಸುವುದು, ಮಾಮ ಬೀಗ ಕಾಯುವುದು, ಆದರೆ ಆ ವರ್ಷ ಇಬ್ಬರಿಗೂ ಹಾವು ಮುಂಗುಸಿ. ಗಡ್ಡೆ ನೆಂದು ಬಂದಿತ್ತು. ನೆಲಮಟ್ಟದ ಎರಡು ಕಿಟಕಿ ತೆರೆದು ಗಾಳಿಯಾಡಿಸೋಣ ಎಂದು ಮಾಮ. ಬೆಳಕು ಬಿದ್ದರೆ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ, ತಿಂದವರು ವಾಂತಿ ಮಾಡುತ್ತಾರೆ ಎಂದು ಅಪ್ಪ. ಮಾಮ ತೆರೆದ ಕಿಟಕಿಗೆ ಅಪ್ಪ ಗೋಣಿ ತುರುಕಿದರು, ಮಾಮ ಕಿತ್ತರು, ಅಪ್ಪ ಕಪಾಳಕ್ಕೆ ಬಿಟ್ಟರು, ಮಾಮ ಮೂಗಿಗೆ ಗುದ್ದಿದರು. ಹತ್ತು ಜನರ ಮುಂದೆ ಮಾಮ ಕಿರುಚಿದ್ದೂ ನಿಜ: "ಹೋಗಿ ಸಾಯಿ ನಿನ್ನ ಗಡ್ಡೆ ಜೊತೆ!" ಮಾರನೇ ದಿನ ಅಪ್ಪ ಅಲ್ಲೇ ಸತ್ತರು. ಇಪ್ಪತ್ತೆರಡು ಮೆಟ್ಟಿಲಿನ ಕೆಳಗೆ, ತಲೆ ಒಡೆದುಕೊಂಡು, ಮೇಲೆ ಬಾಗಿಲು ಹೊರಗಿನಿಂದ ಮುಚ್ಚಿ. ಮುಷ್ಟಿಯಲ್ಲಿ ಇನ್ನೂ ಉರಿಯುತ್ತಿದ್ದ ಹೊಸ ಟಾರ್ಚು. ನಮ್ಮ ಮನೆಯಲ್ಲಿ ಟಾರ್ಚೇ ಇರಲಿಲ್ಲ, ಅವನೇ ಕೊಟ್ಟು ಕೆಳಗೆ ಕಳಿಸಿ ಬಾಗಿಲು ಹಾಕಿದ ಎಂದು ನೀನು ಆ ಎರಡು ದಿನ ಕಚೇರಿ ಕಚೇರಿ ಅಲೆದೆ. ಮಾಮ ಮಾತ್ರ ಮೊದಲ ದಿನದಿಂದ ಹೇಳುತ್ತಿದ್ದದ್ದು ಒಂದೇ ಮಾತು, "ಹಗ್ಗ ಇರ್ಲಿಲ್ಲ, ಅದಕ್ಕೆ ಮುಚ್ದೆ." ನ್ಯಾಯಾಧೀಶರ ಮುಂದೆ ಹೊಲಿದ ದವಡೆಯಲ್ಲಿ ಅದನ್ನೇ ಹೇಳಿದರು. ಮುದುಕನಿಗೆ ಏಟಿನಿಂದ ತಲೆ ಕೆಟ್ಟಿದೆ ಎಂದು ಜನ ನಕ್ಕರು.

ಬಡಗಿ ಹೋದ ಮಾರನೇ ದಿನ ಮಾಮನಿಗೆ ಎಚ್ಚರಿಕೆ ಹೇಳಲು ಹೋದೆ. ಊರು ಬಿಟ್ಟು ಹೋಗಿ ಮಾಮಾ ಎಂದರೆ ಅವರು ಎಡಗೈಯಲ್ಲಿ ಬೀಗಕ್ಕೆ ಎಣ್ಣೆ ಹಾಕುತ್ತಾ "ಬರ್ಲಿ ಬಿಡು, ಸತ್ತೋನು ಅವನಿಗೂ ಅಪ್ಪ ತಾನೆ" ಎಂದರು. ಅಂಥ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ನಿನಗೆ ಗೊತ್ತಲ್ಲ. ಬಾಗಿಲು ತೆಗೀರಿ, ಅಪ್ಪ ಸತ್ತ ಜಾಗ ನೋಡಬೇಕು ಎಂದೆ. ತೆಗೆದರು. ಈ ವರ್ಷವೂ ಗಡ್ಡೆ ನೆಂದೇ ಬಂದಿದೆ, ಹದಿನೈದು ದಿನದಿಂದ ಮುಚ್ಚಿದ ನೆಲಮಾಳಿಗೆ. "ಲಾಟೀನು ತರ್ತೀನಿ, ಅಲ್ಲೇ ನಿಂತಿರು" ಎಂದು ಅವರು ಅತ್ತ ಹೋದರು. ನಾನು ನಿಲ್ಲಲಿಲ್ಲ. ಅಲ್ಲಿ ಗಾಳಿ ಸರಿಯಾಗಿಯೇ ಇದೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಆ ಹಟ ಯಾಕೆ ಎಂದು ಈಗ ಕೇಳಬೇಡ. ಹದಿಮೂರನೇ ಮೆಟ್ಟಿಲಿಗೆ ಎದೆಯೊಳಗೆ ಯಾರೋ ಕುಡುಗೋಲು ಆಡಿಸಿದಂತಾಯಿತು. ಬಾಯಿ ತೆರೆದೆ, ಗಾಳಿ ಒಳಗೆ ಬಂತು, ಆದರೆ ಅದರಲ್ಲಿ ಏನೂ ಇರಲಿಲ್ಲ. ಕಾಲು ನನ್ನದಲ್ಲ ಎನ್ನಿಸಿತು. ಗಲ್ಲ ಮೆಟ್ಟಿಲಿಗೆ ಹೊಡೆದದ್ದು ಮಾತ್ರ ನೆನಪು.

ಮುಂದಿನದು ಅವರು ಹೇಳಿದ್ದು, ನನ್ನ ಮೈಮೇಲಿನ ಗಾಯಗಳೂ ಅದನ್ನೇ ಹೇಳುತ್ತವೆ. ಮಾಮ ಉಸಿರು ಬಿಗಿಹಿಡಿದು ಇಳಿದು, ನನ್ನ ಜಡೆಯನ್ನು ಎಡ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಸತ್ತ ನಾಯಿಯನ್ನು ಎಳೆದಂತೆ ಹದಿಮೂರು ಮೆಟ್ಟಿಲು ಎಳೆದರು. ಮಂಡಿ ಸುಲಿಯಿತು, ಮುಂದಿನ ಹಲ್ಲು ಅರ್ಧ ಹೋಯಿತು, ಜಡೆಯ ಬುಡದಲ್ಲಿ ಚರ್ಮವೇ ಕಿತ್ತು ಬಂದಿದೆ. ಮೇಲೆ ತಂದು ನನ್ನ ಕೆನ್ನೆಗೆ ಬಾರಿಸಿದರು, ಮತ್ತೆ ಬಾರಿಸಿದರು, ನಾನು ಕೆಮ್ಮಿ ಬೈಯುವವರೆಗೂ ಬಾರಿಸಿದರು. ನೀನು ಮುರಿದ ಆ ಬಲಗೈಯಿಂದಲೂ ಹೊಡೆದರು ಕಣೋ, ಬೆರಳು ಮಡಚಲು ಬಾರದ ಕೈ, ಹಲಗೆಯಲ್ಲಿ ಹೊಡೆದ ಹಾಗೆ ಬೀಳುತ್ತದೆ. ಆಮೇಲೆ ಅಲ್ಲೇ ಕೂತು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಅತ್ತದ್ದು ಮುಗಿದ ಮೇಲೆ ಲಾಟೀನು ಹೊತ್ತಿಸಿ, ಹಗ್ಗ ಕಟ್ಟಿ, ನನ್ನ ಕಣ್ಣೆದುರು ಕೆಳಗೆ ಬಿಟ್ಟರು. ಹನ್ನೊಂದನೇ ಮೆಟ್ಟಿಲಿಗೆ ಬತ್ತಿ ಮಂಕಾಗಿ ಸತ್ತಿತು. ಎಳೆದು ಮತ್ತೆ ಹೊತ್ತಿಸಿದರು. ಅಲ್ಲೇ ಸತ್ತಿತು. ಮೂರನೇ ಸಲವೂ ಅಲ್ಲೇ.

ನೀನು ವಿಜ್ಞಾನದ ಪುಸ್ತಕ ಹರಿದು ಗಾಳಿಪಟ ಮಾಡಿದವನು, ನಾನು ಆ ಪುಸ್ತಕ ಹಿಡಿದು ಮಕ್ಕಳಿಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳು. ಆದ್ದರಿಂದ ಒಂದು ಪಾಠ ಕೇಳು, ಇದೊಂದೇ. ಗಿಡದ ಎಲೆ ಬಿಸಿಲು ಹಿಡಿಯುತ್ತದೆ. ಬೇರಿನ ನೀರು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಇವೆರಡನ್ನೂ ಆ ಬಿಸಿಲಿನ ಬಲದಿಂದ ಬೆಸೆದು ಸಕ್ಕರೆ ಮಾಡುತ್ತದೆ, ಉಳಿದ ಆಮ್ಲಜನಕವನ್ನು ನಮಗೆ ಬಿಡುತ್ತದೆ. ಆ ಸಕ್ಕರೆಯನ್ನು ಪಿಷ್ಟವಾಗಿಸಿ ಗಡ್ಡೆಯಲ್ಲಿ ತುಂಬಿಡುತ್ತದೆ. ಆಲೂಗಡ್ಡೆ ಎಂದರೆ ಕೂಡಿಟ್ಟ ಬಿಸಿಲು. ಆದರೆ ಅಗೆದು ಮೂಟೆ ಕಟ್ಟಿದ ಮಾತ್ರಕ್ಕೆ ಅದು ಸಾಯುವುದಿಲ್ಲ. "ಗಡ್ಡೆ ಮಲಗಿರತ್ತೆ ಅಷ್ಟೆ" ಎಂದು ಅಪ್ಪ ಹೇಳುತ್ತಿದ್ದುದು ಸುಳ್ಳಲ್ಲ. ಕತ್ತಲಲ್ಲಿ ಅದರ ಒಂದೊಂದು ಜೀವಕೋಶವೂ ತಾನು ಕೂಡಿಟ್ಟ ಸಕ್ಕರೆಯನ್ನೇ ಒಲೆಗೆ ಹಾಕಿಕೊಳ್ಳುತ್ತದೆ. ಆ ಒಲೆಗೆ ಆಮ್ಲಜನಕ ಬೇಕು, ಅದರಿಂದ ಹೊರಬೀಳುವುದು ಮತ್ತೆ ಅದೇ ಇಂಗಾಲದ ಡೈಆಕ್ಸೈಡ್, ಒಂದಿಷ್ಟು ಕಾವು. ನಿನ್ನ ರಟ್ಟೆಯಲ್ಲೂ ಅದೇ ಒಲೆ. ಕಬ್ಬಿಣದ ಪಟ್ಟಿ ಎತ್ತಿದೆಯಲ್ಲ, ಆ ಬಲ ಬಂದದ್ದೂ ಯಾವುದೋ ಎಲೆ ಹಿಡಿದ ಬಿಸಿಲಿನಿಂದ.

ಈಗ ಲೆಕ್ಕ ಹಾಕು. ಕಿಟಕಿಗೆ ಗೋಣಿ ತುರುಕಿದ ನೆಲಮಾಳಿಗೆ, ಅದರಲ್ಲಿ ಸಾವಿರ ಮೂಟೆ ಜೀವಂತ ಗಡ್ಡೆ, ನೆಂದು ಕೊಳೆಯಲು ಹತ್ತಿದ್ದು. ಕೊಳೆಸುವ ಸೂಕ್ಷ್ಮಜೀವಿಗಳಿಗೂ ಉಸಿರು ಬೇಕು. ಎಲ್ಲವೂ ಸೇರಿ ಗಾಳಿಯನ್ನು ಕಿತ್ತು ತಿಂದವು, ಬಿಟ್ಟ ಉಸಿರು ಭಾರವಾಗಿ ತಳದಲ್ಲಿ ನಿಂತಿತು, ತೊಟ್ಟಿಯಲ್ಲಿ ನೀರು ನಿಂತ ಹಾಗೆ. ಅಪ್ಪ ಅದರೊಳಗೆ ಇಳಿದರು. ಅವರ ಮೈಯ ಒಲೆಗಳೆಲ್ಲ ಒಟ್ಟಿಗೆ ಆರಿದವು, ಬಿದ್ದರು, ತಲೆ ಒಡೆಯಿತು. ಅವರನ್ನು ಯಾರೂ ತಳ್ಳಲಿಲ್ಲ. ಬೆಂಕಿಗೂ ನಮ್ಮ ಹಾಗೆಯೇ ಗಾಳಿ ಬೇಕು, ಅದಕ್ಕೇ ಹಳಬರು ಮೊದಲು ಲಾಟೀನು ಇಳಿಬಿಡುತ್ತಿದ್ದದ್ದು. ನಾವು ಸಾಯುವುದಕ್ಕೆ ಮೊದಲೇ ಅದು ಸಾಯುತ್ತದೆ. "ಅದು ಉಸಿರಾಡಿದ್ರೆ ನಾನೂ ಉಸಿರಾಡ್ತೀನಿ" ಎಂದು ಅಪ್ಪ ನಗುತ್ತಿದ್ದರು. ಇಳಿಯುವ ಮೊದಲು ಲಾಟೀನಿನ ಹಗ್ಗವನ್ನು ಬಾಗಿಲಿನ ಕಬ್ಬಿಣದ ಬಳೆಗೆ ಕಟ್ಟಿ, ಮೇಲೆ ಬರುವವರೆಗೆ ಹಾಗೇ ಬಿಡುವುದು ಆ ನೆಲಮಾಳಿಗೆಯ ರೂಢಿ. ಬಳೆಯಲ್ಲಿ ಹಗ್ಗ ಇದ್ದರೆ ಒಳಗೆ ಆಳು ಇದ್ದಾನೆ, ಇಲ್ಲದಿದ್ದರೆ ಇಲ್ಲ. ಟಾರ್ಚಿಗೆ ಗಾಳಿ ಬೇಡ, ಅದು ಎಂಥ ಗಾಳಿಯಲ್ಲೂ ಉರಿಯುತ್ತದೆ. ಅದಕ್ಕೆ ಹಗ್ಗವೂ ಬೇಡ. ಮಾಮ ಊಟಕ್ಕೆ ಹೊರಟವರು ತೆರೆದ ಬಾಗಿಲು ನೋಡಿದರು, ಬಳೆ ನೋಡಿದರು, ಹಗ್ಗ ಇರಲಿಲ್ಲ. ಇಲಿ ನುಗ್ಗದಿರಲಿ ಎಂದು ಬಾಗಿಲು ಹಾಕಿ ಪಟ್ಟಿ ಇಟ್ಟರು. ಅಷ್ಟೇ ಅವರ ತಪ್ಪು, ಅದಕ್ಕೆ ನೀನು ಒಂದು ಕಣ್ಣು, ಒಂದು ಕೈ, ಎಂಟು ಹಲ್ಲು ಕಿತ್ತುಕೊಂಡೆ.

ಚಿಕ್ಕವನಿದ್ದಾಗ ಕಚ್ಚಿದರೆ ಬಿಡುತ್ತಿರಲಿಲ್ಲ ನೀನು, ನನ್ನ ಮೊಣಕೈಯಲ್ಲಿ ಇನ್ನೂ ನಿನ್ನ ಹಲ್ಲಿನ ಗುರುತಿದೆ. ಅಪ್ಪ ಮೂಗು ಒತ್ತಿ ಹಿಡಿದು ಉಸಿರು ಕಟ್ಟಿಸಿದ ಮೇಲೇ ಬಾಯಿ ಬಿಡುತ್ತಿದ್ದದ್ದು. ಈಗ ಮೂಗು ಹಿಡಿಯಲು ಅಪ್ಪ ಇಲ್ಲ. ನೀನೇ ಬಿಡಬೇಕು ಕಣೋ. ಆಚೆ ಬಂದವನು ಸೀದಾ ಮನೆಗೆ ಬಾ, ಅಮ್ಮ ಬಡಿದಿಟ್ಟ ಹಾಸಿಗೆಯಲ್ಲಿ ಒಂದು ದಿನ ಮಲಗು. ಆಮೇಲೆ ಇಬ್ಬರೂ ಕೂಡಿ ಮಾಮನ ಮುಂದೆ ಹೋಗಿ ನಿಲ್ಲೋಣ. ಅವರು ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ.

ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ಮೈ ಕೈ ಜೋಪಾನ, ಅಲ್ಲಿರುವ ಹನ್ನೆರಡು ದಿನ ಯಾರ ತಂಟೆಗೂ ಹೋಗಬೇಡ. ನಿನ್ನ ಉಸಿರು ತಣ್ಣಗಿರಲಿ.

ಇತಿ ನಿನ್ನ
ಅಕ್ಕ

ತಾ.ಕ.: ಕ್ಷೌರಿಕ ಬಾಗಿಲಲ್ಲಿ ನಿಂತು ಹೊತ್ತಾಯಿತು ಎನ್ನುತ್ತಿದ್ದಾನೆ, ಬೇಗ ಬರೆಯುತ್ತೇನೆ. ಟಾರ್ಚು ನನ್ನದು. ಅಪ್ಪನ ಅಂಗಿಯ ಸೀಮೆಎಣ್ಣೆ ವಾಸನೆಗೆ ನನಗೆ ನಾಚಿಕೆಯಾಗುತ್ತಿತ್ತು. ಈ ಕಾಲದಲ್ಲೂ ಲಾಟೀನು ಯಾಕಪ್ಪಾ ಎಂದು ಅವತ್ತು ಬೆಳಿಗ್ಗೆ ನಾನೇ ದಾಸ್ತಾನಿಗೆ ಹೋಗಿ ಅದನ್ನು ಅವರ ಕೈಗಿಟ್ಟು, ಲಾಟೀನು ಮನೆಗೆ ತಂದೆ. ಅದೇ ವಾರ ಮಕ್ಕಳಿಗೆ ಗಾಜಿನ ಲೋಟದಡಿ ಮೇಣದಬತ್ತಿ ಆರುವುದನ್ನು ತೋರಿಸಿ ಪಾಠ ಮಾಡಿದ್ದೆ, ಆದರೂ ತಲೆಗೆ ಹೊಳೆಯಲಿಲ್ಲ. ನೀನು ಹೊಡೆಯುವಾಗ ನಾನು ಮೂಟೆಗಳ ಪಕ್ಕ ನಿಂತಿದ್ದೆ, ಕಾಲು ಏಳಲಿಲ್ಲ, ಬಾಯಿಯೂ ಏಳಲಿಲ್ಲ. ಅಪ್ಪನಿಗೆ ಟಾರ್ಚು ಕೊಟ್ಟದ್ದನ್ನು ಮಾಮ ಬಾಗಿಲಲ್ಲೇ ನಿಂತು ನೋಡಿದ್ದರು, ಲಾಟೀನನ್ನು ನಾನು ಎತ್ತಿಕೊಂಡು ಬಂದದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಯಾರದು ಹೇಳು ಎಂದು ನೀನು ಕೇಳಿದಾಗಲೆಲ್ಲ ಅವರು ನನ್ನ ಕಡೆ ನೋಡಿದರು, ಬಾಯಿ ಮುಚ್ಚಿಕೊಂಡರು. ಇನ್ನೊಂದು ಕಣ್ಣು ಬೇಕೇ ಬೇಕು ಎಂದಿದ್ದರೆ ಮನೆಗೆ ಬಾ, ನನ್ನ ಹತ್ತಿರ ಎರಡಿವೆ.