ಹಿಂಡ ಎಲ್ಲಿ ತರುಬ್ಯಾರ?

ಬೋರಗಾಂವ
ಗುರುವಾರ, ೩೦-೧-೧೯೯೨

ತೀರ್ಥಸ್ವರೂಪ ಜಕ್ಕಪ್ಪಣ್ಣನಿಗೆ,

ತಂಗಿ ಸಾವಕ್ಕನ ನಮಸ್ಕಾರಗಳು. ನಾವೆಲ್ಲ ಕ್ಷೇಮ ಎಂದು ಬರೆದರೆ ನೀನು ಅಷ್ಟಕ್ಕೇ ಕಾಗದ ಮಡಚಿ ಬದಿಗಿಡುತ್ತೀ. ಅದಕ್ಕೇ ಬರೆಯುವುದಿಲ್ಲ. ದೀಪಾವಳಿಗೆ ನೀನು ಕಳಿಸಿದ ಸೀರೆ ಮುಟ್ಟಿತು. ಅಷ್ಟು ತಿಳಿಸಲು ಮೂರು ತಿಂಗಳು ಬೇಕಾಯಿತೇ ಎಂದು ಬಯ್ಯಬೇಡ. ಮೂರು ಸಲ ಬರೆದೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಪತ್ರಲೇಖನ ಕಲಿಸುವ ಬಾಯಾರಿಗೆ ಒಡಹುಟ್ಟಿದವನಿಗೊಂದು ಕಾಗದ ಬರೆಯಲು ಬರುವುದಿಲ್ಲ ನೋಡು. ನಿನ್ನ ಕಾಲು ಹೇಗಿದೆ? ಇಚಲಕರಂಜಿಯ ಥಂಡಿಗೆ ಅಂಗಾಲು ಮತ್ತೆ ಜುಮುಗುಡುತ್ತಿರಬೇಕು. ಕೂತು ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುವ ಕೆಲಸವಾದರೂ ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕು.

ಈಗ ಸುದ್ದಿ. ವಿಧಾನಸಭೆಯ ಸದನ ಸಮಿತಿ ಫೆಬ್ರವರಿ ಹತ್ತಕ್ಕೆ, ಸೋಮವಾರ, ಚಿಕ್ಕೋಡಿಯ ಪ್ರವಾಸಿ ಮಂದಿರದಲ್ಲಿ ಕೂರುತ್ತದೆ. ನಿನಗೂ ನೋಟೀಸು ಕಳಿಸಿದ್ದಾರೆ. ಎಂಬತ್ಮೂರರಲ್ಲಿ ನಿಪ್ಪಾಣಿಯಲ್ಲಿ ತಂಬಾಕು ತುಂಬಿಟ್ಟ ವಖಾರಿ ಸುಟ್ಟಾಗ ನಿನ್ನನ್ನೂ ನಮ್ಮ ಮನೆಯವರನ್ನೂ ಆ ಬೋರ್ಡಿಲ್ಲದ ಬಂಗ್ಲೆಯಲ್ಲಿಟ್ಟು ವಿಚಾರಣೆ ನಡೆಸಿದ ಗುಪ್ತಖಾತೆಯ ಸಾಹೇಬನನ್ನು ಈಗ ಆ ಖಾತೆಗೇ ಮುಖ್ಯಸ್ಥನನ್ನಾಗಿ ಮಾಡಲು ಹೊರಟಿದ್ದಾರೆ. ಬೇಡ ಎಂದು ವಿರೋಧ ಪಕ್ಷದವರು ಸದನದಲ್ಲಿ ಮೂರು ದಿನ ಗದ್ದಲ ಹಾಕಿದರು. ಅದಕ್ಕೇ ಈ ಸಮಿತಿ. ಬೆಂಕಿ ಹತ್ತಿದ್ದು ಕರೆಂಟಿನ ತಂತಿಯಿಂದ ಎಂದು ಕೋರ್ಟು ನಿನ್ನನ್ನು ಬಿಟ್ಟು ಏಳು ವರ್ಷವಾಯಿತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ! ಇರಲಿ, ಈಗಲಾದರೂ ಹಾಕಲಿ.

ಹೋದ ವಾರ ನಾನು, ಇವರು ಜಿನ್ನಪ್ಪನ ಕಿರಾಣಿ ಅಂಗಡಿಗೆ ಬೆಲ್ಲ ತರಲು ಹೋಗಿದ್ದೆವು. ಇವರು ಎಂದರೆ ನಿನ್ನ ಬಾಯಲ್ಲಿ ಒಂದು ಕಾಲಕ್ಕೆ ಮಾಳ್ಯಾ ಆಗಿದ್ದವರು. ಈಗ ನೀನು ಅವರ ಹೆಸರೆತ್ತುವುದಿಲ್ಲ, ಅದಕ್ಕೆ ನೆನಪು ಮಾಡಿಕೊಟ್ಟೆ. ಅಲ್ಲಿ ಜಿನ್ನಪ್ಪ ಪೇಪರನ್ನು ಗಟ್ಟಿಯಾಗಿ ಓದುತ್ತ ಕೂತಿದ್ದ. ಆ ಸಾಹೇಬನ ಪರವಾಗಿ ಒಬ್ಬ ಶಾಸಕರು ಸದನದಲ್ಲಿ ಹೀಗೆ ಹೇಳಿದರಂತೆ: "ಗಟ್ಟಿಯಾಗಿ ವಿಚಾರಿಸಿದ್ದಕ್ಕೇ ನಾಲ್ಕು ದಿನದಲ್ಲಿ ಆರೋಪಿ ಕುರಿಹಿಂಡಿನ ನಡುವೆ ಸಿಕ್ಕ. ಕೈಮುಗಿದು ಕೇಳಿದ್ದರೆ ಸಿಗುತ್ತಿದ್ದನೇ?" ಅದಕ್ಕೆ ಸದನ ನಕ್ಕಿತು ಎಂದು ಪೇಪರಿನವರು ಕಂಸದಲ್ಲಿ ಹಾಕಿದ್ದರು. ಅಂಗಡಿಯಲ್ಲಿದ್ದ ಇಬ್ಬರೂ ನಕ್ಕರು. ಇವರು ಕಟ್ಟೆಯಿಂದ ಎದ್ದು ಚಪ್ಪಲಿ ಮೆಟ್ಟಿದ್ದರೋ ಇಲ್ಲವೋ, ಬಿಸಿಲಲ್ಲಿ ನಡೆದೇಬಿಟ್ಟರು. ನೋಡಿದರೆ ಚಪ್ಪಲಿ ಅಲ್ಲೇ ಇದ್ದವು. ನಾನು ಅವನ್ನು ಕೈಯಲ್ಲಿ ಹಿಡಿದು ಹಿಂದೆ ಓಡಿದೆ. ಆ ಗಡಿಬಿಡಿಯಲ್ಲಿ ಬೆಲ್ಲ ಮರೆತು ಬಂದೆ.

ಅಂದಿನಿಂದ ಅರ್ಧ ರೊಟ್ಟಿಗೆ ಕೈ ತೊಳೆಯುತ್ತಾರೆ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ನಿನಗೆ ಗೊತ್ತಿಲ್ಲ, ನಮ್ಮ ಮನೆಗೆ ಕರೆಂಟು ಬಂದು ಐದು ವರ್ಷವಾದರೂ ಇವರು ಮಲಗುವ ಕೋಣೆಗೆ ಇಂದಿಗೂ ಬಲ್ಬು ಇಲ್ಲ. ಆ ಬಂಗ್ಲೆಯಲ್ಲಿ ಕಣ್ಣೆದುರಿಗೆ ನಾಲ್ಕು ದಿನ ದೊಡ್ಡ ಬಲ್ಬು ಉರಿಸಿ ಕೂರಿಸಿದ್ದರಲ್ಲ, ರೆಪ್ಪೆ ಮುಚ್ಚಿದರೆ ಮುಖಕ್ಕೆ ನೀರು ಎರಚುತ್ತಿದ್ದರಲ್ಲ, ಅದಕ್ಕೆ. ನಿನಗೆ ಅಂಗಾಲಿಗೆ ಹೊಡೆದರು, ಇವರಿಗೆ ನಿದ್ದೆಗೆ ಹೊಡೆದರು.

ಭಾನುವಾರ ಕಾಕಾಸಾಹೇಬರು ಬಂದಿದ್ದರು. ವಿರೋಧ ಪಕ್ಷದ ಮುಂದಾಳು, ನಿಮ್ಮ ಕಾಲದ ಮುಷ್ಕರದಲ್ಲಿ ತಂಬಾಕು ಜರಡಿ ಹಿಡಿಯುವ ಹೆಂಗಸರ ಸಭೆ ಮಾಡುತ್ತಿದ್ದರಲ್ಲ, ಅವರೇ. ನಾನು ಚಹಾ ಸೋಸುತ್ತಿದ್ದೆ. ಹೊರಗಿನಿಂದ ಅವರ ಮಾತು ಕೇಳಿಸಿತು.

"ಮಾಳಸಿದ್ದಪ್ಪಾ, ನೀವು ಸಮಿತಿ ಮುಂದ ಏನ್ ಹೇಳವ್ರದೀರಿ?"

"ಇದ್ದದ್ದ ಹೇಳ್ತೇನ್ರಿ. ಹೊಡೆತಕ್ಕ ಅಂಜಿ ಜಕ್ಕನ ಠಿಕಾಣಾ ನಾನಽ ಹೇಳ್ದೆ ಅಂತ."

"ಅಯ್ಯ, ಹಂಗ ಅಂದ್ರ ಆ ಸಾಹೇಬಗ ಕುರ್ಚಿ ಪಕ್ಕಾ ಆತಲ್ರಿ! ಹೊಡದ್ರ ಖರೆ ಹೊರಗ ಬರ್ತೈತಿ ಅಂತ ಊರಿಗೆಲ್ಲಾ ಡಂಗುರಾ ಹೊಡೀತಾರ. ನಿಮಗ ನೆನಪರ ಐತೇನು, ನೀವು ಹೇಳಿದ್ದು?"

"ನೆನಪಿಲ್ರಿ. ಏನ್ ಕೇಳಿದ್ರು, ಏನ್ ಹೇಳ್ದೆ, ಒಂದೂ ನೆನಪಿಲ್ಲ. ಬಿಡೂ ಮುಂದ ಖಾಲಿ ಕಾಗದದ ಮ್ಯಾಲ ಸಹಿ ಹಾಕಿದ್ದಷ್ಟಽ ನೆನಪೈತಿ. ಆದ್ರ ಜಕ್ಕ ಸಿಕ್ಕಾ ಅಲ್ರಿ? ಹಿಂಡ ಎಲ್ಲೈತಿ ಅಂತ ನನಗ, ಇಕಿಗೆ ಬಿಟ್ರ ಊರಾಗ ಯಾರಿಗೂ ಗೊತ್ತಿರ್ಲಿಲ್ಲ. ಮತ್ತ ಯಾರ ಹೇಳ್ಯಾರು? ನಾನಽ ಹೇಳಿರಬೇಕು."

ಆ ಹೊತ್ತಿಗೆ ನಾನು ಚಹಾ ಹಿಡಿದು ಹೊರಗೆ ಬಂದೆ. ಕಾಕಾಸಾಹೇಬರು ನನ್ನ ಕಡೆ ನೋಡಿದರು. ಚಹಾ ತೆಗೆದುಕೊಳ್ಳಲು ನೋಡಿದರು, ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಸ್ಥಿತಿ. "ಬಾಯಾರ, ನೀವರ ಇವರಿಗೆ ತಿಳಿಸಿ ಹೇಳ್ರಿ" ಎಂದರು. ನಾನು ಹೂಂ ಎಂದೆ. ಹೋಗುವಾಗ ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮಣ್ಣ ನೋಟೀಸ ತಗೊಂಡಿಲ್ಲಂತ. ಮಾಳ್ಯಾ ಕುಂತ ಜಾಗಾದಾಗ ನಾ ಕುಂಡ್ರೂದಿಲ್ಲ ಅಂದಾನ."

ನೀನು ಹಾಗೆ ಅಂದಿದ್ದೀ ಎಂದು ನಂಬಲು ನನಗೆ ಕಷ್ಟವಾಗಲಿಲ್ಲ. ಅವ್ವ ತೀರಿಕೊಂಡಾಗ ನೀನು ಬಂದೆ, ಹೆಣಕ್ಕೆ ಹೆಗಲು ಕೊಟ್ಟೆ. ಮಣ್ಣು ಮುಗಿಸಿ ಬಂದಾಗ ಇವರು ಕಾಲಿಗೆ ನೀರು ಹಿಡಿದು ನಿಂತರು. ನೀನು ಆ ತಂಬಿಗೆ ಮುಟ್ಟದೆ ಕುಂಟುತ್ತ ನೆರೆಮನೆಯ ಗಿರಿಜವ್ವನ ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡೆ. ಇವರು ಆ ತಂಬಿಗೆ ಹಿಡಿದು ಎಷ್ಟು ಹೊತ್ತು ಹಾಗೇ ನಿಂತಿದ್ದರು ಎಂದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಒಂದೇ ಹಿಂಡಿನ ಹಿಂದೆ ಒಂದೇ ಕಂಬಳಿ ಹೊದ್ದು ಬೆಳೆದವರು ನೀವು. ಅಂದು ನಾನು ಬಾಯಿ ಬಿಡಬೇಕಿತ್ತು. ಅವ್ವನ ಹೆಸರು ಹೇಳಿ ಅತ್ತು ಸುಮ್ಮನಾದೆ.

ಅಣ್ಣಾ, ನನಗೆ ಹೆದರಿಕೆಯಾಗುತ್ತಿದೆ. ಹತ್ತನೇ ತಾರೀಖು ಇವರು ಅಷ್ಟು ಜನ ದೊಡ್ಡವರ ಎದುರಿಗೆ ನಿಂತು ತಾನೇ ದ್ರೋಹಿ ಎಂದು ಒಪ್ಪಿಕೊಂಡು ಬಂದರೆ, ಮನೆಗೆ ಬರುವುದು ಮನುಷ್ಯನೋ ಬರೀ ಅಂಗಿಯೋ ಎಂಬ ಹೆದರಿಕೆ. ನೀನು ಬಾ. ಚಿಕ್ಕೋಡಿಗೆ ಬಾ. ಇವರ ಪಕ್ಕದಲ್ಲಿ ಕೂರು. ಮಾತಾಡದಿದ್ದರೂ ಸರಿ, ಕೂರು ಅಷ್ಟೇ. ಕಾಲು ನೋಯುತ್ತದೆ ಎಂದರೆ ನಿಪ್ಪಾಣಿಯ ಬಸ್‌ಸ್ಟ್ಯಾಂಡಿಗೆ ನಾನೇ ಬಂದು ಕರೆದೊಯ್ಯುತ್ತೇನೆ.

ಉಳಿದ ಸುದ್ದಿ ಹೆಚ್ಚಿಲ್ಲ. ಭೀಮಸಿ ಕಾಕಾ ಈ ವರ್ಷ ಅರ್ಧ ಕುರಿ ಮಾರಿದ. ಮೊನ್ನೆ ಹುಣ್ಣಿಮೆಗೆ ಗಿರಿಜವ್ವ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೊರಟಾಗ, "ಬಾಯಾರ, ಒಂಬತ್ತ ವರ್ಷಾತು, ನೀವು ಒಮ್ಮಿನೂ ಬರಲಿಲ್ಲ, ದೇವ್ರ ಮ್ಯಾಲ ಸಿಟ್ಟೇನು?" ಎಂದಳು. ಮೊಣಕಾಲು ನೋವು ಎಂದೆ. ಅವಳು ತಂದುಕೊಟ್ಟ ಭಂಡಾರದ ಪೊಟ್ಟಣ, ಮಲ್ಲಯ್ಯನ ಅರಿಶಿನ, ಗೂಡಿನಲ್ಲೇ ಇದೆ, ಬಿಚ್ಚಿಲ್ಲ.

ವೈನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಅತ್ತೆಯ ಆಶೀರ್ವಾದ, ಚೆನ್ನಾಗಿ ಓದಲಿ. ಅವ್ವನ ಪುಣ್ಯ ನಿನ್ನ ಮನೆಯನ್ನು ಕಾಯಲಿ.

ನಿನ್ನ ತಂಗಿ,
ಸಾವಕ್ಕ

ತಾ.ಕ.: ಇದನ್ನೇ ಬರೆಯಲಾಗದೆ ಮೂರು ಕಾಗದ ಸುಟ್ಟೆ. ಇದನ್ನು ಸುಡುವುದಿಲ್ಲ.

ಅಂದು ಇವರನ್ನು ಆ ಬಂಗ್ಲೆಗೆ ಒಯ್ದ ಮೂರನೇ ದಿನ, ಭಾನುವಾರ ಮಧ್ಯಾಹ್ನ, ನಮ್ಮ ಬಾಗಿಲಿಗೆ ಒಬ್ಬ ಬಂದ. ಧೋತರ, ತಲೆಗೆ ಪಟಕಾ, ಹಣೆ ತುಂಬ ಭಂಡಾರ. "ತಂಗೀ, ಮಂಗಸೂಳಿಗೆ ಹೋಗಿ ಬಂದ್ನಿ, ಭಂಡಾರ ತಗೋ ಯವ್ವಾ" ಎಂದು ನನ್ನ ಅಂಗೈಗೆ ಹಾಕಿದ. ಮಜ್ಜಿಗೆ ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು ಕೇಳಿದ: "ರಾಯಬಾಗ ಬಾಜೂಕ ನಮ್ಮ ಹೊಲ ಐತಿ. ಗೊಬ್ಬರಕ್ಕ ಕುರಿ ಬೇಕಾಗ್ಯಾವ. ನಿಮ್ಮ ಭೀಮಸಿ ಕಾಕಾನ ಹಿಂಡ ಎಲ್ಲಿ ತರುಬ್ಯಾರ?" ಹುಟ್ಟಿದಾಗಿನಿಂದ ನಮ್ಮ ಬಾಗಿಲಿಗೆ ಬಂದವರೆಲ್ಲ ಕೇಳುವ ಮಾತು ಅದು. ನೀನು ಆ ಹಿಂಡಿನಲ್ಲಿ ಅಡಗಿದ್ದೀ ಎಂದು ನೆನಪಾಗಿ ಒಂದು ಗಳಿಗೆ ತಡವರಿಸಿದೆ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅಂಗೈಯಲ್ಲಿ ಭಂಡಾರವಿತ್ತು. ಭಂಡಾರ ಹಿಡಿದು ಸುಳ್ಳಾಡಿದರೆ ವಂಶ ಉಳಿಯುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳಲ್ಲ. "ಕುಡಚಿ ಹೊಳಿ ದಂಡಿಗೆ, ಹೊಳಿ ದಾಟೂ ಪೂಲಿನ ಕೆಳಗ" ಎಂದೆ. ಅವನು ನನಗೆ ಕೈಮುಗಿದು ಹೋದ.

ಸೋಮವಾರ ನಸುಕಿನಲ್ಲಿ ನಿನ್ನನ್ನು ಹಿಡಿದರು. ಮಂಗಳವಾರ ಇವರನ್ನು ಕರೆತರಲು ಹೋದಾಗ ಬಂಗ್ಲೆಯ ಗೇಟಿನಲ್ಲಿ ಆ ಮನುಷ್ಯನೇ ಬೀಡಿ ಸೇದುತ್ತ ನಿಂತಿದ್ದ. ಹಣೆಯ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಇವರ ಬಾಯಿಂದ ಅವರಿಗೆ ಏನೂ ಸಿಕ್ಕಿರಲಿಲ್ಲ ಅಣ್ಣಾ. ಸಿಕ್ಕಿದ್ದರೆ ನನ್ನ ಬಾಗಿಲಿಗೆ ಯಾಕೆ ಬರುತ್ತಿದ್ದರು? ಸದನವೆಲ್ಲ ನಕ್ಕಿತಲ್ಲ, ಕೈಮುಗಿದೇ ಕೇಳಿದ್ದರು, ನಾನು ಹೇಳಿದ್ದೆ. ಅಂದು ಮನೆಗೆ ಬಂದು ಇವರು ನನ್ನ ಮಡಿಲಲ್ಲಿ ತಲೆಯಿಟ್ಟು, "ಜಕ್ಕನ್ನ ನಾನಽ ಹಿಡಕೊಟ್ನಿ ಸಾವಕ್ಕಾ" ಎಂದು ಅತ್ತರು. ನಾನು ಏನೆಂದೆ ಗೊತ್ತೇ? "ಹೋಗ್ಲಿ ಬಿಡ್ರಿ, ಹೊಡೆತಕ್ಕ ಯಾರರ ಹೇಳತಾರ" ಎಂದೆ. ನನ್ನ ತಪ್ಪಿಗೆ ಅವರನ್ನು ಕ್ಷಮಿಸಿದೆ. ಒಂಬತ್ತು ವರ್ಷದಿಂದ ಆ ಕ್ಷಮೆಯ ಋಣದಲ್ಲಿ ಅವರು ನನ್ನೆದುರು ತಲೆತಗ್ಗಿಸಿ ಉಣ್ಣುತ್ತಿದ್ದಾರೆ.

ಹತ್ತನೇ ತಾರೀಖು ಸಮಿತಿಯ ಮುಂದೆ ನಾನು ನಿಲ್ಲುತ್ತೇನೆ. ಆದರೆ ಮೊದಲು ನಿಮ್ಮಿಬ್ಬರಿಗೆ ಗೊತ್ತಾಗಬೇಕು. ಇವರ ಎದುರು ಬಾಯಿ ಬಿಡುವ ಧೈರ್ಯ ನನಗಿಲ್ಲ. ಅದಕ್ಕೆ ಈ ಲಕೋಟೆಗೆ ಅಂಟು ಹಚ್ಚಿಲ್ಲ. "ಓದಿ ಪೋಸ್ಟಿಗೆ ಹಾಕ್ರಿ" ಎಂದು ನಾಳೆ ಬೆಳಿಗ್ಗೆ ಅವರ ಕೈಗೇ ಕೊಟ್ಟು ನಾನು ಶಾಲೆಗೆ ಹೋಗುತ್ತೇನೆ. ಇದು ನಿನಗೆ ಮುಟ್ಟಿದ್ದರೆ, ಅವರು ಓದಿದ ಮೇಲೆಯೇ ಅಂಟಿಸಿ ಹಾಕಿದ್ದಾರೆ ಎಂದು ತಿಳಿದುಕೋ.