ನಿಮ್ಮಪ್ಪ ಕಂಡ ಲೈಟ್‌ಹೌಸ್

ಕಡಲ ದಂಡೆಯ ವಸತಿಗೃಹ, ಮೂರನೇ ಕೋಣೆ
ಅಕ್ಟೋಬರ್ ಹದಿನಾಲ್ಕು, ಮಂಗಳವಾರ ಸಂಜೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಊರಿಗೆಲ್ಲ ಔಷಧಿ ಕುಡಿಸುವ ನರ್ಸಮ್ಮ ನೀನು, ನಿನಗೆ ಒಂದು ಚಮಚ ಕುಡಿಸಲು ಮಾತ್ರ ನಾನೇ ಬರಬೇಕು. ರಜೆ ಸಿಗಲಿಲ್ಲವೆಂದು ಕೊರಗಬೇಡ. ನಾವು ಬಂದ ದಿನದಿಂದ ಇಲ್ಲಿ ಧೋ ಎಂದು ಮಳೆ. ಶರತ್ಕಾಲದ ಆಕಾಶವೆಂದರೆ ತೊಳೆದಿಟ್ಟ ತಟ್ಟೆ ಎಂದು ಹೇಳಿ ನಿಮ್ಮಪ್ಪ ಕರೆತಂದಿದ್ದರಲ್ಲ, ತೊಳೆಯುವುದು ಇನ್ನೂ ಮುಗಿದಿಲ್ಲ.

ಇವತ್ತು ಊರು ತೋರಿಸುವ ಬಸ್ಸು ಹತ್ತಿದೆವು. ಮೂವತ್ತೆರಡು ವರ್ಷ ಬಸ್ಸು ಓಡಿಸಿದವರನ್ನು ಪ್ರಯಾಣಿಕರ ಸೀಟಿನಲ್ಲಿ ಕೂರಿಸುವ ಕಷ್ಟ ನನಗೇ ಗೊತ್ತು. ಮುಂದಿನ ಸೀಟೇ ಬೇಕೆಂದು ಹಟ. ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಹುಡುಕಿ ನನ್ನ ಕಾಲನ್ನೇ ತುಳಿದರು. ಪಾಪ, ಆ ಡ್ರೈವರಿಗೆ "ಗೇರ್ ಇಳ್ಸಪ್ಪ, ಗೇರ್ ಇಳ್ಸು" ಎಂಬ ಉಪದೇಶ ಬೇರೆ. ಚಿವುಟಿದರೂ ಬಾಯಿ ಮುಚ್ಚಲಿಲ್ಲ.

ಹೊರಗೆ ಮಂಜೋ ಮಳೆಯೋ, ಕಿಟಕಿಗೆ ಬಿಳಿ ಬೆಡ್‌ಶೀಟು ಕಟ್ಟಿದ ಹಾಗಿತ್ತು. ಗೈಡ್ ಹುಡುಗಿ ದಿನದ ಅಭ್ಯಾಸದಂತೆ ಮೈಕಿನಲ್ಲಿ, "ಬಲಗಡೆ ನೋಡಿ, ಲೈಟ್‌ಹೌಸ್" ಎಂದಳು. ಎಲ್ಲರೂ ನೋಡಿದೆವು. ಏನೂ ಇಲ್ಲ. ಆಗ ನಿಮ್ಮಪ್ಪ ಗಟ್ಟಿಯಾಗಿ, "ಆಹಾ! ಏನ್ ಎತ್ತರ! ಬಣ್ಣ ಈಗ್ತಾನೆ ಹೊಡ್ಸಿದಾರೆ ನೋಡು!" ಎಂದರು. ಹುಡುಗಿ ಅಳುಕುತ್ತಾ, "ಸಾರ್, ಅದು ಇನ್ನೂ ಎರಡು ತಿರುವು ದೂರ ಇದೆ, ಬಾಯ್ತಪ್ಪಿ ಹೇಳ್ಬಿಟ್ಟೆ" ಎಂದಳು. ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಮುಂದೆ ನಿಮ್ಮಪ್ಪನೇ ಗೈಡ್. "ಯಜಮಾನ್ರೇ, ಈಗೇನು ಕಾಣ್ತಿದೆ?" ಎಂದು ಹಿಂದಿನವರು ಕೇಳುವುದು, ಇವರು ಹಡಗು, ಬಾವುಟ, ಬಾವುಟದ ಕೆಳಗೆ ಹಲ್ಲುಜ್ಜುತ್ತಿರುವ ಕ್ಯಾಪ್ಟನ್ ಎಂದೆಲ್ಲ ವರ್ಣಿಸುವುದು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು.

ಆ ಗದ್ದಲದಲ್ಲೇ ನಿಮ್ಮಪ್ಪ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ನಿಜ ಹೇಳು, ನಿಂಗೂ ಕಾಣ್ಲಿಲ್ವಾ?" ಎಂದರು. ಅದೆಷ್ಟು ಆಸೆಯಿತ್ತು ಆ ಮುಖದಲ್ಲಿ! ಆಗ ನನಗೆ ಹೊಳೆಯಿತು, ಪುಟ್ಟೀ. ಅಪ್ಪನ ಕಣ್ಣು ತೋರಿಸಿ ಎಂದು ನೀನು ಒಂದು ವರ್ಷದಿಂದ ಬಡಿದುಕೊಳ್ಳುತ್ತಿರುವುದು ನಿಜ. "ನಂದು ಹದ್ದಿನ ಕಣ್ಣು" ಎಂದು ಗದರಿ ನಮ್ಮಿಬ್ಬರ ಬಾಯಿ ಮುಚ್ಚಿಸಿದವರು, ತೋರಿಸಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತ ಎಷ್ಟು ದಿನದಿಂದ ನಟಿಸುತ್ತಿದ್ದಾರೋ. ಬಸ್ಸಿಳಿದ ಮೇಲೆ, ನನ್ನಂಥದೇ ಹಸಿರು ಸ್ವೆಟರು ಹಾಕಿದ್ದ ಯಾರೋ ಹೆಂಗಸಿಗೆ ನಮ್ಮ ಕೊಡೆ ಹಿಡಿದು, ಮನೆಯ ಸುದ್ದಿಯೆಲ್ಲ ಹೇಳುತ್ತ ಟೀ ಅಂಗಡಿಯವರೆಗೂ ಹೋದರು. ಹಿಂದೆ ನಾನು ತೊಯ್ದು ತೊಪ್ಪೆ. ಆಕೆಯೂ ಮಹಾತಾಯಿ, ಒಂದು ಮಾತು ಆಡಬಾರದೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೋಮವಾರ ಇವರ ರಜೆ ಮುಗಿಯುತ್ತದೆ. ಮತ್ತೆ ಇವರ ಕೈಗೆ ಶಾಲೆಯ ಬಸ್ಸು, ಒಳಗೆ ನಲವತ್ತು ಮಕ್ಕಳು. ನನಗೆ ಭಯವಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಚ್ಚಗಿರು. ನೂರು ಕಾಲ ನಗುತ್ತಿರು, ನನ್ನ ತಾಯಿ.

ನಿನ್ನ
ಅಮ್ಮ

ತಾ.ಕ.: ಶನಿವಾರಕ್ಕೇ ನಿಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿಡು. ಬಂದಿಳಿದ ಕೂಡಲೇ ನೇರ ಅಲ್ಲಿಗೇ ಕರೆತರುತ್ತೇನೆ. ಇಷ್ಟು ಬರೆಯುವಷ್ಟರಲ್ಲಿ ನಿಮ್ಮಪ್ಪ ಬಂದು, "ನನ್ ಮೇಲೆ ಏನ್ ಚಾಡಿ ಬರೀತಿದೀಯ, ಕೊಡಿಲ್ಲಿ" ಎಂದು ಕಾಗದ ಕಿತ್ತುಕೊಂಡರು. ಇನ್ನು ಎಲ್ಲ ಓದಿಬಿಡುತ್ತಾರೆ ಎಂದುಕೊಂಡೆ. ದೀಪದ ಕೆಳಗೆ ಹಿಡಿದು, ಮೊದಲಿನಿಂದ ಕೊನೆಯವರೆಗೂ ಕಣ್ಣಾಡಿಸಿ, "ಪರ್ವಾಗಿಲ್ಲ, ಚೆನ್ನಾಗೇ ಬರ್ದಿದೀಯ. ನಾನೂ ಕೇಳ್ದೆ ಅಂತ ಸೇರ್ಸು" ಎಂದರು. ಸೇರಿಸಿದ್ದೇನೆ.